ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ ಮೊಣಕಾಲೂರಿ ನೋಡಿ

ಮಜ್ದಾ ಎಂಎಕ್ಸ್-5 ಎಂಬ ಪುಟ್ಟ ಸ್ಪೋರ್ಟ್ಸ್ ಕಾರು 1989ರಲ್ಲಿ ಬಂತು. ಎರಡೇ ಸೀಟು, ಮಡಚಿಡಬಹುದಾದ ಬಟ್ಟೆಯ ಟಾಪು, ಸುಮಾರು ಒಂದು ಟನ್ ತೂಕ. 1997ರವರೆಗೆ ತಯಾರಾದ ಈ ಮೊದಲ ತಲೆಮಾರಿನ ಕಾರುಗಳನ್ನು ಬ್ರಿಟನ್ನಿನಲ್ಲಿ ಜನ ಈಗಲೂ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಹೋದವರು ಬಾನೆಟ್ ಎತ್ತಿಸುತ್ತಾರೆ, ಎಷ್ಟು ಓಡಿದೆ ಅಂತ ಮೀಟರ್ ನೋಡುತ್ತಾರೆ. ಆದರೆ ಇಂಥ ಕಾರನ್ನು ಓಟಕ್ಕಿಂತ ಜಾಸ್ತಿ ಹಾಳು ಮಾಡುವುದು ನಿಂತ ನೀರು.

ಟಾಪಿನ ಮೇಲೆ ಬಿದ್ದ ಮಳೆ ಸೀಟಿನ ಹಿಂದೆ ಎರಡೂ ಬದಿಯಲ್ಲಿರುವ ಸಣ್ಣ ಕೊಳವೆಗಳಿಂದ ಕೆಳಗೆ ಹರಿದುಹೋಗಬೇಕು. ಎಲೆ, ಮಣ್ಣು ಸೇರಿ ಅವು ಕಟ್ಟಿಕೊಂಡರೆ ನೀರು ಸಿಲ್‌ಗೆ ಇಳಿಯುತ್ತದೆ. ಸಿಲ್ ಎಂದರೆ ಬಾಗಿಲ ಕೆಳಗೆ ಉದ್ದಕ್ಕೂ ಇರುವ, ಒಳಗೆ ಟೊಳ್ಳಾದ ಉಕ್ಕಿನ ತೊಲೆ. ಮೇಲೆ ಗಟ್ಟಿ ಛಾವಣಿ ಇಲ್ಲದ ಕಾರಿಗೆ ಅದೇ ಬೆನ್ನುಮೂಳೆ.

ತುಕ್ಕು ಹಿಡಿಯುವುದು ಪುಟ್ಟ ಬ್ಯಾಟರಿ ಕೆಲಸ ಮಾಡಿದಂತೆ. ಒಂದು ಕಡೆ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಇನ್ನೊಂದು ಕಡೆ ಗಾಳಿಯ ಆಮ್ಲಜನಕ ಅದನ್ನು ತೆಗೆದುಕೊಳ್ಳುತ್ತದೆ. ನಡುವೆ ನೀರು ಬೇಕು. ಆ ನೀರಲ್ಲಿ ಉಪ್ಪಿದ್ದರೆ ವಿದ್ಯುತ್ತಿಗೆ ದಾರಿ ಇನ್ನೂ ಸಲೀಸು. ಬ್ರಿಟನ್ನಿನಲ್ಲಿ ಚಳಿಗಾಲ ಬಂದರೆ ರಸ್ತೆಗೆ ಉಪ್ಪು ಹಾಕುತ್ತಾರಲ್ವಾ, ಅದೂ ಬಂದು ಸೇರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುವುದರಿಂದ ಬಣ್ಣ ಉಬ್ಬುತ್ತದೆ. ಹಿಂಚಕ್ರದ ಮುಂದೆ, ಸಿಲ್ಲಿನ ತುದಿಯಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಕಂಡರೂ ಸುಮ್ನೆ ಬಿಡಬೇಡಿ. ಅದು ಒಳಗಿನಿಂದ ಕೊರೆದುಕೊಂಡು ಹೊರಗೆ ಬಂದಿರುತ್ತದೆ.

ಗುಳ್ಳೆ ಇಲ್ಲದಿದ್ದರೆ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಅಲ್ಲಿ ಆಡಿಸಿ. ಉಕ್ಕಿಗೆ ಹಿಡಿಯುತ್ತದೆ, ಪುಟ್ಟಿ ಮೆತ್ತಿದ ಕಡೆ ಜಾರುತ್ತದೆ. ಆದರೆ ಕೊಳೆತ ಸಿಲ್ಲಿನ ಮೇಲೆ ಹೊಸ ತಗಡು ಬೆಸೆದಿದ್ದರೆ ಅದಕ್ಕೂ ಹಿಡಿಯುತ್ತದೆ. ಹಾಗಾಗಿ ಟಾರ್ಚ್ ಹಿಡಿದು ಅಡಿಗೂ ಇಣುಕಲೇಬೇಕು.

ಕಮ್ಮಿ ಓಡಿದ ಕಾರು ಅಂದರೆ ನನಗೆ ಅನುಮಾನವೇ ಜಾಸ್ತಿ. ಬ್ರೇಕ್ ಆಯಿಲ್ ನಿಂತಲ್ಲೇ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ ಅಮುಕಿಕೊಳ್ಳುತ್ತದೆ, ಪೆಡಲು ಮೆತ್ತಗಾಗುತ್ತದೆ. ಬೆಟ್ಟ ಇಳಿಯುವಾಗ ಇದು ಪ್ರಾಣಕ್ಕೇ ಬರುತ್ತದೆ. ಟೈರಿಗೂ ವಯಸ್ಸಿದೆ. ಪಕ್ಕದಲ್ಲಿ 2314 ಎಂದಿದ್ದರೆ ಅದು 2014ರ 23ನೇ ವಾರದ್ದು. ಗೆರೆಗಳು ಎಷ್ಟೇ ಆಳವಿರಲಿ, ರಬ್ಬರು ಗಡುಸಾಗಿರುತ್ತದೆ.

ಎಂಜಿನ್ ಕೊನೆಗಿರಲಿ. ನೀವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ತಣ್ಣಗಿದ್ದರೆ ಸರಿ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಚಳಿಯಲ್ಲಿ ಮೊದಲಿಗೆ ಬರುವ ಬಿಳಿ ಆವಿಗೆ ಹೆದರಬೇಕಿಲ್ಲ, ಪೆಟ್ರೋಲ್ ಉರಿದಾಗ ನೀರೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಅದು ನಿಲ್ಲದೆ, ಸಿಹಿ ವಾಸನೆ ಬಂದರೆ ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ಒಳಗೆ ಸೋರುತ್ತಿರಬಹುದು.

ಬ್ರಿಟನ್ನಿನಲ್ಲಿ ಇನ್ನೊಂದು ಅನುಕೂಲವಿದೆ. ಕಾರಿನ ನಂಬರ್ ಕೊಟ್ಟರೆ ಹಿಂದಿನ ಎಂಒಟಿ, ಅಂದರೆ ಕಾರು ರಸ್ತೆಗಿಳಿಯಲು ಯೋಗ್ಯವೇ ಎಂದು ವರ್ಷಕ್ಕೊಮ್ಮೆ ನೋಡುವ ಕಡ್ಡಾಯ ತಪಾಸಣೆಗಳ ವಿವರ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ವರ್ಷ ಸಿಲ್ಲಿಗೆ ತುಕ್ಕು ಅಂತ ಬರೆದು, ಮರುವರ್ಷ ಅದರ ಮಾತೇ ಇಲ್ಲದಿದ್ದರೆ, ನಡುವೆ ಏನು ಮಾಡಿಸಿದಿರಿ ಅಂತ ಮಾಲೀಕರನ್ನು ಕೇಳಿ. ಕೆಲಸದ ಫೋಟೋ, ಬಿಲ್ಲು ಎರಡನ್ನೂ ಕೇಳಿ.