ಮಲೇರಿಯಾದ ಹೊಟ್ಟೆಯಲ್ಲೊಂದು ಪಾಚಿ

ಜೀವಿಗಳ ವರ್ಗೀಕರಣ ಅಂದರೆ ಪರೀಕ್ಷೆಗೆ ಉರು ಹೊಡೆಯುವ ಹೆಸರುಗಳ ಪಟ್ಟಿ ಅಂತ ಜಾಸ್ತಿ ಜನ ತಿಳಿದಿದ್ದಾರೆ. ನೋಡೋಕೆ ಒಂದೇ ಥರ ಇದ್ದದ್ದನ್ನೆಲ್ಲ ಒಂದು ಗುಂಪಿಗೆ ಸೇರಿಸಿದರೆ ಕೆಲಸ ಮುಗೀತು ಅಲ್ವಾ ಅಂತಾರೆ. ಮುಗಿಯೋದಿಲ್ಲ. ಯಾರು ಯಾರ ವಂಶ ಅಂತ ಗೊತ್ತಿಲ್ಲದೆ ಔಷಧ ಹೊಡೆದರೆ ದುಡ್ಡು ದಂಡ.

ಆಲೂಗಡ್ಡೆಯ ಅಂಗಮಾರಿಯನ್ನೇ ನೋಡಿ. 1845ರಿಂದ ಕೆಲವು ವರ್ಷ ಐರ್ಲೆಂಡಿನ ಬೆಳೆಯನ್ನು ಕೊಳೆಸಿದ ರೋಗ ಇದು. ಆ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ತೇವ ಇರುವ ಬೆಳಗ್ಗೆ ರೋಗ ಹಿಡಿದ ಎಲೆಯನ್ನು ತಿರುಗಿಸಿದರೆ ಕಪ್ಪು ಕಲೆಯ ಅಂಚಿನಲ್ಲಿ ಬಿಳಿ ಬೂಷ್ಟು ಕಾಣುತ್ತದೆ. ಯಾರೇ ನೋಡಿದರೂ ಶಿಲೀಂಧ್ರ ಅಂತಲೇ ಹೇಳುತ್ತಾರೆ. ಪುಸ್ತಕಗಳೂ ಬಹುಕಾಲ ಹಾಗೇ ಹೇಳಿದವು. ಆದರೆ ಅದು ಕಡಲಿನ ಕಂದು ಪಾಚಿಗಳ ನೆಂಟ. ಶಿಲೀಂಧ್ರಗಳು ತಮ್ಮ ಜೀವಕೋಶದ ಪೊರೆಗೆ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ತಯಾರಿಸಿಕೊಳ್ಳುತ್ತವೆ. ಶಿಲೀಂಧ್ರ ಕೊಲ್ಲುವ ಅಜೋಲ್ ಗುಂಪಿನ ಔಷಧಗಳು ತಡೆಯುವುದು ಆ ತಯಾರಿಯನ್ನೇ. ಅಂಗಮಾರಿ ಜೀವಿ ಅದನ್ನು ತಯಾರಿಸುವುದೇ ಇಲ್ಲ. ಅದರ ಮೇಲೆ ಅಜೋಲ್ ಸಿಂಪಡಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಶಿಲೀಂಧ್ರಗಳ ಹತ್ತಿರದ ನೆಂಟರು ಗಿಡಗಳಲ್ಲ, ಪ್ರಾಣಿಗಳು. ಅಂದರೆ ನಾವೂ ಸೇರಿ. ಶಿಲೀಂಧ್ರಗಳನ್ನು ಕೊಲ್ಲುವ ಎಷ್ಟೋ ರಾಸಾಯನಿಕಗಳು ನಮ್ಮ ಜೀವಕೋಶಗಳಿಗೂ ಪೆಟ್ಟು ಕೊಡುವುದು ಇದೇ ಕಾರಣಕ್ಕೆ.

ನನಗೆ ಇನ್ನೂ ಇಷ್ಟವಾದದ್ದು ಮಲೇರಿಯಾದ ಕತೆ. ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಮಾತ್ರೆ. ಮಲೇರಿಯಾ ತರುವ ಪ್ಲಾಸ್ಮೋಡಿಯಂ ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ. ಆದರೂ ಮಾತ್ರೆ ಕೆಲಸ ಮಾಡುತ್ತದೆ! ಯಾಕೆ ಅನ್ನೋದು 1990ರ ದಶಕದಲ್ಲಿ ಸ್ಪಷ್ಟವಾಯಿತು. ಪ್ಲಾಸ್ಮೋಡಿಯಂ ಒಳಗೆ ನಾಲ್ಕು ಪೊರೆಗಳ ಒಂದು ಪುಟ್ಟ ಭಾಗ ಇದೆ. ಅದಕ್ಕೆ ತನ್ನದೇ ಡಿಎನ್‌ಎ ಕೂಡ ಇದೆ. ಆ ಡಿಎನ್‌ಎಯ ಜಾಡು ಹಿಡಿದು ಹೋದವರಿಗೆ ಸಿಕ್ಕಿದ್ದು ಪಾಚಿಯ ಹರಿತ್ತಿನ ಕಣ, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಭಾಗ (ಕ್ಲೋರೋಪ್ಲಾಸ್ಟ್).

ನಡೆದದ್ದು ಹೀಗೆ. ಬಹಳ ಹಿಂದೆ ಒಂದು ಜೀವಕೋಶ ಸಯನೋಬ್ಯಾಕ್ಟೀರಿಯಾ (ಬೆಳಕಿನಿಂದ ಆಹಾರ ಮಾಡುವ ಬ್ಯಾಕ್ಟೀರಿಯಾ) ಒಂದನ್ನು ನುಂಗಿತು, ಅರಗಿಸಿಕೊಳ್ಳಲಿಲ್ಲ. ಆ ಸಂತತಿಯಲ್ಲಿ ಕೆಂಪು ಪಾಚಿ ಹುಟ್ಟಿತು. ಮುಂದೆ ಪ್ಲಾಸ್ಮೋಡಿಯಂನ ಪೂರ್ವಜರ ಸಾಲಿನಲ್ಲಿ ಅಂಥ ಪಾಚಿಯನ್ನೇ ಇನ್ನೊಂದು ಕೋಶ ನುಂಗಿತು. ನುಂಗಿದ್ದರೊಳಗೆ ನುಂಗಿದ್ದು, ಅದಕ್ಕೇ ಅಷ್ಟು ಪೊರೆ. ಈ ಭಾಗ ಬೆಳಕಿನಿಂದ ಆಹಾರ ಮಾಡುವುದನ್ನು ಯಾವತ್ತೋ ಬಿಟ್ಟಿದೆ. ಆದರೆ ಪರೋಪಜೀವಿ ಬದುಕಲು ಬೇಕಾದ ಕೆಲವು ವಸ್ತುಗಳು ಈಗಲೂ ಅಲ್ಲೇ ತಯಾರಾಗುತ್ತವೆ. ಅಲ್ಲಿನ ರೈಬೋಸೋಮ್‌ಗಳೂ (ಪ್ರೋಟೀನ್ ತಯಾರಿಸುವ ಯಂತ್ರಗಳು) ಹಳೆಯ ಬ್ಯಾಕ್ಟೀರಿಯಾ ಮಾದರಿಯವೇ. ಮಾತ್ರೆ ಹೋಗಿ ಹಿಡಿಯೋದು ಅವನ್ನೇ.

ಮಜಾ ಏನಂದರೆ, ಔಷಧ ಬಿದ್ದ ಪರೋಪಜೀವಿ ಕೂಡಲೇ ಸಾಯುವುದಿಲ್ಲ. ರಕ್ತಕಣದಲ್ಲಿ ತನ್ನ ಸುಮಾರು 48 ಗಂಟೆಯ ಸುತ್ತು ಮುಗಿಸಿ ಮರಿ ಹಾಕುತ್ತದೆ. ಆ ಮರಿಗಳ ಪಾಲಿಗೆ ಬರುವುದು ಕೆಟ್ಟುಹೋದ ಭಾಗ. ಅವು ಮುಂದಿನ ಸುತ್ತಿನಲ್ಲಿ ಸಾಯುತ್ತವೆ. ಇಷ್ಟು ನಿಧಾನವಾದ್ದರಿಂದ ಚಿಕಿತ್ಸೆಗೆ ಇದೊಂದನ್ನೇ ಕೊಡೋದಿಲ್ಲ, ಬೇಗ ಕೆಲಸ ಮಾಡುವ ಔಷಧವೂ ಜೊತೆಗಿರುತ್ತದೆ. ಅಂದಹಾಗೆ, ಪ್ಲಾಸ್ಮೋಡಿಯಂ ಮತ್ತು ಆ ಅಂಗಮಾರಿ ಜೀವಿ ದೂರದ ದಾಯಾದಿಗಳು.

ವಂಶವೃಕ್ಷದಿಂದ ತಾರೀಖನ್ನೂ ಅಂದಾಜು ಮಾಡಬಹುದು. ವೈರಸ್ ನಕಲಾಗುವಾಗ ತಪ್ಪುಗಳು ಸೇರುತ್ತಾ ಹೋಗುತ್ತವೆ. ಎರಡು ವೈರಸ್‌ಗಳ ನಡುವೆ ವ್ಯತ್ಯಾಸ ಜಾಸ್ತಿ ಇದ್ದಷ್ಟೂ ಅವು ಕವಲೊಡೆದು ಜಾಸ್ತಿ ಕಾಲ ಆಗಿದೆ ಅಂತ ಅರ್ಥ. ಲಿಬಿಯಾದ ಬೆಂಗಾಜಿಯ ಮಕ್ಕಳ ಆಸ್ಪತ್ರೆಯಲ್ಲಿ 400ಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ತಗುಲಿದಾಗ, ಬಲ್ಗೇರಿಯಾದ ಐವರು ನರ್ಸ್‌ಗಳು ಮತ್ತು ಪ್ಯಾಲೆಸ್ಟೀನಿನ ಒಬ್ಬ ವೈದ್ಯ ಬೇಕಂತಲೇ ಹಾಗೆ ಮಾಡಿದರು ಎಂಬ ಆರೋಪ ಬಂತು. ಮಕ್ಕಳ ವೈರಸ್‌ಗಳನ್ನು ಹೋಲಿಸಿದ ಅಧ್ಯಯನ 2006ರ ಡಿಸೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ವಿದೇಶಿ ಸಿಬ್ಬಂದಿ 1998ರಲ್ಲಿ ಬರುವ ಮುಂಚೆಯೇ ಆ ವೈರಸ್ ಅಲ್ಲಿ ಹರಡುತ್ತಿತ್ತು ಅಂತ ಅದು ತೋರಿಸಿತು. ಅದೇ ತಿಂಗಳು ಅಲ್ಲಿನ ನ್ಯಾಯಾಲಯ ಅವರಿಗೆ ಮತ್ತೊಮ್ಮೆ ಮರಣದಂಡನೆ ವಿಧಿಸಿತು. ಕಡೆಗೆ ಅವರು ದೇಶ ಬಿಟ್ಟು ಹೊರಟಿದ್ದು 2007ರ ಜುಲೈನಲ್ಲಿ, ಸರ್ಕಾರಗಳ ನಡುವಿನ ಮಾತುಕತೆಯಿಂದ.