ಕಡ್ಡಿ ಕೊಡಿ, ದಾಖಲೆ ಸಮೇತ ಕೊಡಿ

ಸಲಹೆ ಕೇಳಿ ಬರುವ ಹವ್ಯಾಸಿ ತಳಿಗಾರರ ಭಯ ಸಾಮಾನ್ಯವಾಗಿ ಒಂದೇ: ತಮ್ಮ ಹೊಸ ತಳಿಯ ಕಸಿಕಡ್ಡಿ (ಕಸಿ ಕಟ್ಟಲು ಕತ್ತರಿಸಿದ ಚಿಕ್ಕ ರೆಂಬೆ) ಕೊಟ್ಟರೆ ಯಾರಾದರೂ ಅದನ್ನು ತಮ್ಮದೆಂದು ನೋಂದಾಯಿಸಿಕೊಂಡರೆ? ಭಯ ಸುಳ್ಳಲ್ಲ. ಬೀಜದಿಂದ ಬೆಳೆಸಿದ ಸೇಬಿನ ಗಿಡ ಹಣ್ಣು ಬಿಡಲು ಹಲವು ವರ್ಷ ಬೇಕು, ಅದರಲ್ಲೂ ತಿನ್ನಲು ಯೋಗ್ಯವಾದುದು ಅಪರೂಪ. ಆದರೆ ಅದನ್ನು ನಕಲು ಮಾಡಲು ಬೆರಳುದ್ದದ ಕಡ್ಡಿ ಸಾಕು.

ಬಚ್ಚಿಟ್ಟರೆ ಉಳಿಯುತ್ತದೆಯೇ? ಒಂದೇ ಮರದಲ್ಲಿರುವ ತಳಿ ಒಂದು ರೋಗ ಬಂದರೆ ಮುಗಿಯಿತು. ತಳಿ ಹಕ್ಕು, ಅಂದರೆ ಹೊಸ ತಳಿಯನ್ನು ಬೆಳೆಸಿ ಮಾರುವ ಏಕಸ್ವಾಮ್ಯ, ಪಡೆಯೋಣವೆಂದರೆ ಶುಲ್ಕ, ಪರೀಕ್ಷೆ. ಆಮೇಲೆ ಕದ್ದವರ ಮೇಲೆ ದಾವೆ ಹೂಡುವುದೂ ನಿಮ್ಮದೇ ಕೆಲಸ. ಹಾಗಾಗಿ ನಾನು ಬಹಿರಂಗ ಹಂಚಿಕೆಯ ಪರ.

ಅದಕ್ಕೆ ಕಾನೂನಿನ ಆಧಾರವೂ ಇದೆ. ಹೊಸ ತಳಿಗಳ ಅಂತರರಾಷ್ಟ್ರೀಯ ಒಪ್ಪಂದ ಯುಪೊವ್‌ನ (1961, ಪರಿಷ್ಕರಣೆ 1991) ಪ್ರಕಾರ, ಈಗಾಗಲೇ ಎಲ್ಲರಿಗೂ ಗೊತ್ತಿರುವ ತಳಿಗಳಿಂದ ಸ್ಪಷ್ಟವಾಗಿ ಭಿನ್ನವಾಗಿದ್ದರೆ ಮಾತ್ರ ಹಕ್ಕು ಸಿಗುತ್ತದೆ. ನಿಮ್ಮ ತಳಿ ಹಾಗೆ ಪರಿಚಿತವಾಗಿದ್ದರೆ ಬೇರೆಯವರ ಅರ್ಜಿ ನಿಲ್ಲುವುದಿಲ್ಲ. ಆದರೆ ಪರೀಕ್ಷಕರ ಕಣ್ಣಿಗೆ ಅದು ಬೀಳಬೇಕಲ್ಲ! ಗೆಳೆಯರಿಗೆ ಕೈಯಿಂದ ಕೈಗೆ ಕೊಟ್ಟ ಕಡ್ಡಿ ಸಾಕ್ಷಿ ಹೇಳುವುದಿಲ್ಲ. ತಂದೆ-ತಾಯಿ ತಳಿ, ಮೊದಲು ಫಲ ಬಿಟ್ಟ ವರ್ಷ, ಎಲೆ, ಹೂ ಬಿಡುವ ಹಾಗೂ ಹಣ್ಣಾಗುವ ಕಾಲ, ದಿನಾಂಕವಿರುವ ಚಿತ್ರಗಳು, ಇವನ್ನೆಲ್ಲ ಸಾರ್ವಜನಿಕವಾಗಿ ಪ್ರಕಟಿಸಿ. ಸಾಧ್ಯವಾದರೆ ಯಾವುದಾದರೂ ಸಂಗ್ರಹ ತೋಟಕ್ಕೂ ಒಂದು ಗಿಡ ಕೊಡಿ.

ಕೊಡುವ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ವಾಣಿಜ್ಯ ಬಳಕೆಗೆಂದು ಮಾರಿದ ಅಥವಾ ಕೊಟ್ಟ ದಿನದಿಂದ ಗಡಿಯಾರ ಓಡತೊಡಗುತ್ತದೆ: ಯುಪೊವ್ ನಿಯಮದಲ್ಲಿ ಅರ್ಜಿ ಹಾಕುವ ದೇಶದೊಳಗೆ ಕೊಟ್ಟಿದ್ದರೆ 1 ವರ್ಷ, ಹೊರದೇಶದಲ್ಲಿ ಕೊಟ್ಟಿದ್ದರೆ ಮರ ಮತ್ತು ದ್ರಾಕ್ಷಿಗೆ 6 ವರ್ಷ. ಗಡುವು ದಾಟಿದರೆ ಹಕ್ಕು ಕೇಳುವ ದಾರಿ ನಿಮಗೂ ಮುಚ್ಚುತ್ತದೆ.

ನಿಮ್ಮ ತಳಿಯನ್ನೇ ಬೇರೊಂದಕ್ಕೆ ಸಂಕರ ಮಾಡಿ, ಹುಟ್ಟಿದ ಸಸಿಯನ್ನು ನೋಂದಾಯಿಸುವವರನ್ನು ಇದಾವುದೂ ತಡೆಯದು. 2012ರಲ್ಲಿ ಅಮೆರಿಕದಲ್ಲಿ ಶುರುವಾದ ಓಪನ್ ಸೋರ್ಸ್ ಸೀಡ್ ಇನಿಶಿಯೇಟಿವ್‌ನ ಪ್ರತಿಜ್ಞೆ ಹುಟ್ಟಿದ್ದೇ ಈ ಕೊರತೆ ತುಂಬಲು: ಬೀಜವನ್ನು ಹೇಗೆ ಬೇಕಾದರೂ ಬಳಸಿ, ಅದರ ಸಂತತಿಗೂ ಬೇಲಿ ಹಾಕಬೇಡಿ. ಅದರ ಬಲ ಹೆಚ್ಚಾಗಿ ನೈತಿಕವಾದುದು. ಆದರೂ ಅಂಥದೊಂದು ಸಾಲನ್ನು ಕಡ್ಡಿಯ ಚೀಟಿಯಲ್ಲಿ ಬರೆಯಿರಿ. ಓದಿದವನು ಗೊತ್ತಿರಲಿಲ್ಲ ಎನ್ನಲಾರ.

ಹವ್ಯಾಸಿಗಳು ಹೆಚ್ಚು ಅಲಕ್ಷಿಸುವುದು ಹೆಸರನ್ನು. ಕ್ರಿಪ್ಸ್ ಪಿಂಕ್ ಸೇಬು ಮಾರುಕಟ್ಟೆಯಲ್ಲಿ ಪಿಂಕ್ ಲೇಡಿ ಎಂಬ ಟ್ರೇಡ್‌ಮಾರ್ಕ್‌ನಿಂದ ಪ್ರಸಿದ್ಧ. ತಳಿ ಹಕ್ಕಿಗೆ ಕೊನೆಯುಂಟು, ಟ್ರೇಡ್‌ಮಾರ್ಕನ್ನು ನವೀಕರಿಸುತ್ತಲೇ ಇರಬಹುದು. ಹೆಸರಿಗೆ ಅಷ್ಟು ಬೆಲೆಯಿದೆ, ಹಾಗಾಗಿ ಅದನ್ನು ನೀವೇ ಇಡಿ. ಚೀಟಿಯಲ್ಲಿ ಬರೀ ‘ಸಸಿ 3’ ಎಂದು ಬರೆದು ಕಳಿಸಿದರೆ, ಪಡೆದವರು ತಮಗೆ ತೋಚಿದ ಹೆಸರಿಡುತ್ತಾರೆ. ನಾಲ್ಕು ಕೈ ದಾಟುವಷ್ಟರಲ್ಲಿ ಅದು ನಿಮ್ಮದೆಂದು ತೋರಿಸಲು ಡಿಎನ್ಎ ಪರೀಕ್ಷೆಯೇ ಬೇಕಾದೀತು.