ಶಿಥಿಲೀಕರಣ: ಬಂಡೆ ಮಣ್ಣಾಗುವ ಬಗೆ

ಬಿಸಿಲು, ಮಳೆ, ಗಾಳಿ, ಗಿಡದ ಬೇರು ಇವುಗಳಿಂದ ಬಂಡೆ ಇದ್ದ ಜಾಗದಲ್ಲೇ ಬಿರಿದು, ಕೊಳೆತು, ಪುಡಿಯಾಗುವುದಕ್ಕೆ ಶಿಥಿಲೀಕರಣ ಅಂತ ಹೆಸರು. ಇದ್ದ ಜಾಗದಲ್ಲೇ ಅನ್ನೋದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಹಾಗೆ ಪುಡಿಯಾದದ್ದನ್ನು ನೀರೋ ಗಾಳಿಯೋ ಹೊತ್ತುಕೊಂಡು ಹೋದರೆ ಅದು ಸವೆತ. ಶಾಲೆಯಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಓದಿರುತ್ತೇವೆ, ಅದಕ್ಕೇ ಬೆರೆಸಿಬಿಡುತ್ತೇವೆ.

ಮಂಡ್ಯದ ಕಡೆ ಬಾವಿ ತೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಕೆಂಪು ಮಣ್ಣು, ಅದರಡಿ ಗರಸು, ಆಮೇಲೆ ನೋಡೋಕೆ ಕಲ್ಲಿನಂತಿದ್ದರೂ ಗುದ್ದಲಿ ಏಟಿಗೆ ಉದುರುವ ಪದರ, ಕೊನೆಗೆ ಗಟ್ಟಿ ಬಂಡೆ. ಆ ಉದುರುವ ಪದರದ ಒಂದು ತುಂಡನ್ನು ಕೈಗೆ ತಗೊಂಡು ನೋಡಿ. ಮೂಲ ಕಲ್ಲಿನ ಪಟ್ಟೆಗಳು ಇನ್ನೂ ಹಾಗೇ ಇರುತ್ತವೆ. ಹಿಸುಕಿದರೆ ಪುಡಿ. ಬೆರಳಿಗೆ ಬೆಳ್ಳಗೆ, ನುಣ್ಣಗೆ ಅಂಟೋದು ಕೊಳೆತ ಫೆಲ್ಡ್‌ಸ್ಪಾರ್ ಅನ್ನೋ ಖನಿಜ. ಚುಚ್ಚುವ ಹರಳು ಬೆಣಚುಕಲ್ಲಿನದು. ಮಿನುಗುವ ಚೂರು ಕಾಗೆಬಂಗಾರ.

ಮಳೆನೀರು ಗಾಳಿಯಲ್ಲಿ, ಮಣ್ಣಿನಲ್ಲಿ ಇರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲವಾಗಿರುತ್ತದೆ. ಬಿರುಕಿನೊಳಗೆ ಇಳಿದು ಫೆಲ್ಡ್‌ಸ್ಪಾರನ್ನು ನಿಧಾನಕ್ಕೆ ಜೇಡಿಮಣ್ಣು ಮಾಡುತ್ತದೆ. ಬೆಣಚುಕಲ್ಲು ಇದಕ್ಕೆಲ್ಲ ಜಗ್ಗೋದಿಲ್ಲ, ಮರಳಾಗಿ ಉಳಿಯುತ್ತದೆ. ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ನಮ್ಮ ರಾಗಿ ಹೊಲದ ಕೆಂಪು ಬಂದದ್ದು ಅಲ್ಲಿಂದ.

ಪಾಂಡವಪುರದ ಕುಂತಿಬೆಟ್ಟದಲ್ಲಿ ಒಂದರ ಮೇಲೊಂದು ಕೂತ ಗುಂಡುಗಳನ್ನು ನೋಡಿದ್ದೀರಿ ಅಲ್ವಾ? ಬಂಡೆಯ ಸಂದುಗಳಲ್ಲಿ ಇಳಿದ ನೀರು ಚಪ್ಪಟೆ ಮುಖವನ್ನು ಒಂದೇ ಕಡೆಯಿಂದ ತಿನ್ನುತ್ತದೆ, ಮೂಲೆಯನ್ನು ಮೂರು ಕಡೆಯಿಂದ. ಹಾಗಾಗಿ ಮೂಲೆ ಬೇಗ ಹೋಗುತ್ತದೆ. ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತಾ ಒಳಗಿನ ಗಟ್ಟಿ ಭಾಗ ಗುಂಡಗಾಗುತ್ತದೆ. ಈ ಕೆಲಸ ಬಹುಪಾಲು ನೆಲದ ಒಳಗೇ ಮುಗಿದಿರುತ್ತದೆ. ಸುತ್ತಲಿನ ಮೆತ್ತನೆ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಗುಂಡು ಹೊರಬೀಳುತ್ತದೆ. ಅಂದರೆ ಮೊದಲು ಶಿಥಿಲೀಕರಣ, ಆಮೇಲೆ ಸವೆತ.

ಬೇರುಗಳ ಕೆಲಸ ನೋಡಬೇಕೆಂದರೆ ಹಳೇ ಕೋಟೆ ಗೋಡೆಯ ಸಂದಿನಲ್ಲಿ ಹುಟ್ಟಿದ ಅರಳಿ ಗಿಡ ಸಾಕು. ಬೇರು ದಪ್ಪವಾದಂತೆಲ್ಲ ಕಲ್ಲು ದೂರ ಸರಿಯುತ್ತದೆ.

ಸವೆತದ ದೊಡ್ಡ ಕೆಲಸಗಾರ್ತಿ ಕಾವೇರಿ. ಅವಳು ಮರಳನ್ನು ಹೊತ್ತು ಸಾಗಿಸುವುದಷ್ಟೇ ಅಲ್ಲ, ಆ ಮರಳು ಮತ್ತು ಕಲ್ಲುಗಳಿಂದಲೇ ತನ್ನ ತಳವನ್ನು ಉಜ್ಜುತ್ತಾಳೆ. ಮೇಕೆದಾಟಿನ ಬಂಡೆಯಲ್ಲಿರುವ ಗುಂಡನೆಯ ಕುಳಿಗಳು ಹೀಗೇ ಆದವು. ಸುಳಿಗೆ ಸಿಕ್ಕ ಕಲ್ಲುಗಳು ಒಂದೇ ಕಡೆ ಗಿರಗಿರ ತಿರುಗಿ ತಿರುಗಿ ಕೊರೆದವು. ನೀರಿನ ಓಟ ಕಮ್ಮಿಯಾದ ಕಡೆ ಹೊರೆ ಕೆಳಗಿಳಿಯುತ್ತದೆ. ಕೆಆರ್‌ಎಸ್‌ನಂಥ ಜಲಾಶಯದ ತಳದಲ್ಲಿ ಹೂಳು ಕೂರುವುದು ಅದಕ್ಕೇ.

ನನಗೆ ತುಂಬಾ ಕಾಡುವುದು ಶಿಥಿಲೀಕರಣ, ಸವೆತ ಇವೆರಡರ ವೇಗ. ಒಂದು ಇಂಚು ಮೇಲ್ಮಣ್ಣು ಆಗೋಕೆ ನೂರಾರು ವರ್ಷ ಬೇಕು, ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ. ಬದು ಇಲ್ಲದ ಇಳಿಜಾರು ಹೊಲದಲ್ಲಿ ಅದು ಕೆಲವೇ ಮಳೆಗಾಲದಲ್ಲಿ ಹೋಗಿಬಿಡಬಹುದು. ಹೋದ ಮಣ್ಣು ಊರ ಕೆರೆಯಲ್ಲಿ ಗೋಡಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರು ಆ ಗೋಡನ್ನು ಟ್ರಾಕ್ಟರಿನಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಾರೆ. ಹೊಲದಿಂದ ಹೋದ ಜೇಡಿ ಹೊಲಕ್ಕೇ ವಾಪಸ್. ಗರಸು ಹೊಲಕ್ಕೆ ಇದರಿಂದ ನೀರು ಹಿಡಿಯುವ ಗುಣ ಬರುತ್ತದೆ, ಒಂದೆರಡು ವಾರ ಮಳೆ ಕೈಕೊಟ್ಟರೂ ಪೈರು ತಡೆದುಕೊಳ್ಳುತ್ತದೆ.